ಪದರಶಿಲೆ, ಪಳೆಯುಳಿಕೆ ಮತ್ತು ಖಂಡಗಳ ಡಿಕ್ಕಿಯ ಕಾಲನಿರ್ಣಯ: ಪದೇ ಪದೇ ಕೇಳುವ ಪ್ರಶ್ನೆಗಳು

ಹಿಮಾಲಯ ಹುಟ್ಟಿದ ಕಾಲವನ್ನು ಕುರಿತು, ಹಾಗೆಯೇ ನಮ್ಮ ಜಿಲ್ಲೆಯ ಕಲ್ಲುಗಳಲ್ಲಿ ಅಂಥ ಹಳೆಯ ಘಟನೆಗಳ ಗುರುತು ಇದೆಯೇ ಎಂಬುದನ್ನು ಕುರಿತು, ಕಾರವಾರ, ಕುಮಟಾ, ಶಿರಸಿ ಭಾಗದ ವಿದ್ಯಾರ್ಥಿಗಳೂ ಆಸಕ್ತರೂ ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಲಾಗಿದೆ. ಕಾಲವನ್ನು ಕೋಟಿ ವರ್ಷಗಳಲ್ಲಿ ಕೊಟ್ಟಿದೆ. 5 ಕೋಟಿ ವರ್ಷ ಎಂದರೆ ಪಠ್ಯಪುಸ್ತಕಗಳು ಹೇಳುವ 50 ದಶಲಕ್ಷ ವರ್ಷ.

ಖಂಡಗಳು ಡಿಕ್ಕಿ ಹೊಡೆದವು ಎಂದರೆ ನಿಜವಾಗಿ ಏನಾಯಿತು?

ಎರಡು ಖಂಡಗಳ ನಡುವಿನ ಸಾಗರದ ತಳವು ಅವುಗಳಲ್ಲೊಂದರ ಅಂಚಿನಡಿಗೆ ನುಸುಳುತ್ತಾ ನುಸುಳುತ್ತಾ ಕೊನೆಗೆ ಪೂರ್ತಿ ತೀರಿಹೋಗುತ್ತದೆ. ಆಗ ಎರಡೂ ಖಂಡಗಳ ಅಂಚುಗಳು ಒಂದಕ್ಕೊಂದು ತಾಗುತ್ತವೆ. ಖಂಡದ ಶಿಲೆ ಸಾಗರತಳದ ಶಿಲೆಗಿಂತ ಹಗುರವಾದ್ದರಿಂದ ಅದು ಸುಲಭವಾಗಿ ಆಳಕ್ಕೆ ಇಳಿಯದೆ ಮಡಿಕೆಬಿದ್ದು, ಸೀಳಿ, ಒಂದರ ಮೇಲೊಂದು ಏರಿ ಪರ್ವತವಾಗುತ್ತದೆ. ಭಾರತ ಮತ್ತು ಏಷ್ಯಾದ ನಡುವೆ ಹೀಗೆ ತೀರಿಹೋದದ್ದು ಟೆಥಿಸ್ ಸಾಗರ. ಅದರ ತಳದ ಚೂರುಗಳು ಲಡಾಖ್‌ನಿಂದ ದಕ್ಷಿಣ ಟಿಬೆಟ್‌ವರೆಗೆ ಸಿಂಧೂ ಮತ್ತು ಯಾರ್ಲುಂಗ್ ತ್ಸಾಂಗ್‌ಪೊ ನದಿಗಳ ಗುಂಟ ಹಬ್ಬಿರುವ ಕಿರಿದಾದ ಪಟ್ಟಿಯಲ್ಲಿ ಇಂದಿಗೂ ಸಿಗುತ್ತವೆ. ಭೂವಿಜ್ಞಾನಿಗಳು ಈ ಪಟ್ಟಿಯನ್ನು ಬೆಸುಗೆ ವಲಯ ಎನ್ನುತ್ತಾರೆ.

ಪರ್ವತದ ಕಲ್ಲನ್ನೇ ಪ್ರಯೋಗಾಲಯಕ್ಕೆ ಕೊಟ್ಟು ವಯಸ್ಸು ಕೇಳಬಾರದೇಕೆ?

ಕೇಳಬಹುದು, ಆದರೆ ಬರುವ ಉತ್ತರ ಬೇರೆ ಪ್ರಶ್ನೆಗೆ ಸಲ್ಲುವಂಥದ್ದು. ಗ್ರಾನೈಟಿನ ವಯಸ್ಸು ಶಿಲಾರಸ ಗಟ್ಟಿಯಾದ ಕಾಲವನ್ನು ಹೇಳುತ್ತದೆ. ಅಭ್ರಕದ ವಯಸ್ಸು ಸಾಮಾನ್ಯವಾಗಿ ಶಿಲೆ ಆಳದಲ್ಲಿ ಬೆಂದು ಮತ್ತೆ ತಣಿದ ಕಾಲವನ್ನು ಹೇಳುತ್ತದೆ. ಖಂಡಗಳು ತಾಗಿದ ಮೇಲೆ ಶಿಲೆಗಳು ಆಳಕ್ಕೆ ಹೂತು, ಕಾಯ್ದು, ಮೇಲೆದ್ದು ಬರುವುದಕ್ಕೆ ಲಕ್ಷಗಟ್ಟಲೆ, ಹಲವೊಮ್ಮೆ ಕೋಟಿಗಟ್ಟಲೆ ವರ್ಷಗಳು ಹಿಡಿಯುತ್ತವೆ. ಮೊದಲ ತಾಗುವಿಕೆಗೆ ಸಾಕ್ಷಿಯಾಗಿ ಆ ಹೊತ್ತಿನಲ್ಲಿಯೇ ಅಲ್ಲಿ ಕೂಡುತ್ತಿದ್ದ ಕೆಸರು ಮತ್ತು ಮರಳು ಬೇಕು. ಆ ಕೆಸರೇ ಮುಂದೆ ಪದರಶಿಲೆಯಾಗುತ್ತದೆ. ಸಮುದ್ರ ಎಷ್ಟು ಆಳವಿತ್ತು, ಮರಳು ಯಾವ ದಡದಿಂದ ಬಂತು, ನೀರಿನಲ್ಲಿ ಯಾವ ಜೀವಿಗಳಿದ್ದವು ಎಂಬ ಮೂರೂ ಸಂಗತಿಗಳನ್ನು ಅದು ಒಟ್ಟಿಗೆ ಹಿಡಿದಿಡುತ್ತದೆ.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು, ಏಕೆಂದರೆ ಜನಪ್ರಿಯ ಬರಹಗಳಲ್ಲಿ ಇದು ಹೆಚ್ಚಾಗಿ ಬಿಟ್ಟುಹೋಗುತ್ತದೆ. ಯಾವ ಪಳೆಯುಳಿಕೆಯೂ ಡಿಕ್ಕಿಯ ವಯಸ್ಸನ್ನು ನೇರವಾಗಿ ಹೇಳುವುದಿಲ್ಲ. ಅದು ತಾನಿರುವ ಪದರದ ವಯಸ್ಸನ್ನಷ್ಟೇ ಹೇಳುತ್ತದೆ. ಡಿಕ್ಕಿಗೆ ಮುನ್ನ ಕೂಡಿದ್ದೆಂದು ಖಚಿತವಾಗಿರುವ ಪದರ ಒಂದು, ಅದರ ನಂತರ ಕೂಡಿದ್ದೆಂದು ಖಚಿತವಾಗಿರುವ ಪದರ ಇನ್ನೊಂದು, ಇವೆರಡರ ನಡುವಿನ ಅವಧಿಯನ್ನು ಎಷ್ಟು ಕಿರಿದುಗೊಳಿಸಲು ಸಾಧ್ಯ ಎಂಬುದೇ ಈ ಇಡೀ ವಿದ್ಯೆಯ ಕೆಲಸ. ಈ ಪುಟದ ಉಳಿದ ಉತ್ತರಗಳೆಲ್ಲ ಈ ಒಂದು ಮಾತಿನ ವಿಸ್ತರಣೆಯೇ ಆಗಿವೆ.

ಪಳೆಯುಳಿಕೆ ನೋಡಿ ಪದರದ ವಯಸ್ಸು ಹೇಳುವುದು ಹೇಗೆ?

ಕದಡದ ಪದರಗಳಲ್ಲಿ ಕೆಳಗಿನದು ಹಳೆಯದು, ಮೇಲಿನದು ಹೊಸದು ಎಂಬ ನಿಯಮವನ್ನು ನಿಕೊಲಸ್ ಸ್ಟೆನೊ 1669ರಲ್ಲಿ ಬರೆದಿಟ್ಟನು. ಇಂಗ್ಲೆಂಡಿನಲ್ಲಿ ಕಾಲುವೆ ತೋಡಿಸುವ ಕೆಲಸದಲ್ಲಿ ತೊಡಗಿದ್ದ ಭೂಮಾಪಕ ವಿಲಿಯಂ ಸ್ಮಿತ್, ಒಂದೊಂದು ಪದರಕ್ಕೂ ಅದರದೇ ಆದ ಪಳೆಯುಳಿಕೆಗಳ ಗುಂಪು ಇದೆಯೆಂದೂ ಆ ಗುಂಪುಗಳ ಅನುಕ್ರಮ ಊರಿಂದೂರಿಗೆ ಬದಲಾಗುವುದಿಲ್ಲವೆಂದೂ ಕಂಡುಕೊಂಡು, ಆ ಆಧಾರದ ಮೇಲೆ 1815ರಲ್ಲಿ ಭೂವೈಜ್ಞಾನಿಕ ನಕ್ಷೆಯೊಂದನ್ನು ಪ್ರಕಟಿಸಿದನು. ಇಲ್ಲಿಯವರೆಗೆ ಸಿಕ್ಕಿದ್ದು ಹಿಂದುಮುಂದಿನ ಲೆಕ್ಕ ಮಾತ್ರ, ವರ್ಷಗಳ ಲೆಕ್ಕವಲ್ಲ. ಪದರಗಳ ನಡುವೆ ಅಲ್ಲಲ್ಲಿ ಸಿಗುವ ಜ್ವಾಲಾಮುಖಿ ಬೂದಿಯ ತೆಳುವಾದ ಹಾಸುಗಳಲ್ಲಿರುವ ಜಿರ್ಕಾನ್ ಎಂಬ ಖನಿಜದ ಹರಳುಗಳನ್ನು ಯುರೇನಿಯಂ–ಸೀಸ ವಿಧಾನದಿಂದ, ಅಂದರೆ ಯುರೇನಿಯಂ ಎಷ್ಟರಮಟ್ಟಿಗೆ ಸೀಸವಾಗಿ ಮಾರ್ಪಟ್ಟಿದೆ ಎಂಬ ಲೆಕ್ಕದಿಂದ, ಅಳೆಯಲು ಸಾಧ್ಯವಾದ ಮೇಲೆ ಆ ಅನುಕ್ರಮಕ್ಕೆ ವರ್ಷಗಳು ಕೂಡಿಕೊಂಡವು. ಯುರೇನಿಯಂ–238ರ ಅರ್ಧಾಯುಷ್ಯ ಸುಮಾರು 447 ಕೋಟಿ ವರ್ಷ, ಯುರೇನಿಯಂ–235ರದು ಸುಮಾರು 70 ಕೋಟಿ ವರ್ಷ. ಒಂದೇ ಹರಳಿನಲ್ಲಿ ಎರಡು ಗಡಿಯಾರಗಳು ಇರುವುದರಿಂದ ಒಂದನ್ನು ಇನ್ನೊಂದರಿಂದ ಪರೀಕ್ಷಿಸಬಹುದು.

ಒಳ್ಳೆಯ ಕಾಲಸೂಚಕ ಪಳೆಯುಳಿಕೆಗೆ ಎರಡು ಗುಣಗಳು ಬೇಕು: ಆ ಜಾತಿ ಬೇಗ ಬದಲಾಗಿರಬೇಕು, ದೂರದೂರಕ್ಕೆ ಹರಡಿರಬೇಕು. ಅಘನಾಶಿನಿಯ ಅಳಿವೆಯಲ್ಲಿ ಸಿಗುವ ಬಳಚು ಈ ಕೆಲಸಕ್ಕೆ ಅಷ್ಟಾಗಿ ಒದಗದು, ಏಕೆಂದರೆ ಅದು ಉಪ್ಪುನೀರೂ ಸಿಹಿನೀರೂ ಬೆರೆಯುವ ಜಾಗವನ್ನೇ ಹುಡುಕುತ್ತದೆ. ಅದರ ಚಿಪ್ಪು ಸಿಕ್ಕಿದರೆ ‘ಇಲ್ಲಿ ಅಳಿವೆ ಇತ್ತು’ ಎಂದು ಧೈರ್ಯವಾಗಿ ಹೇಳಬಹುದು, ‘ಇದು ಇಂಥ ಕಾಲ’ ಎಂದು ಹೇಳುವುದು ಕಷ್ಟ. ಡಿಕ್ಕಿಯ ಅಧ್ಯಯನಕ್ಕೆ ಎರಡೂ ಬಗೆಯವು ಬೇಕು. ಒಂದು ಬಗೆ ಕಾಲವನ್ನು ಹೇಳುತ್ತದೆ, ಇನ್ನೊಂದು ಪರಿಸರವನ್ನು.

ನುಮ್ಯುಲೈಟ್ ಎಂಬ ಹೆಸರು ಮತ್ತೆ ಮತ್ತೆ ಬರುತ್ತದೆ. ಅದು ಏನು?

ಫೊರಾಮಿನಿಫೆರಾ ಎಂಬ ಏಕಕೋಶ ಜೀವಿಗಳ ಗುಂಪಿನಲ್ಲಿ ದೊಡ್ಡ ಗಾತ್ರದವು ಇವು. ನಾಣ್ಯದಂತೆ ಚಪ್ಪಟೆಯಾದ, ಒಳಗೆ ಸುರುಳಿಯಾಗಿ ಜೋಡಿಸಿದ ನೂರಾರು ಕೋಣೆಗಳುಳ್ಳ ಸುಣ್ಣದ ಕವಚ. ಕೆಲವು ಜಾತಿಗಳು ಕೆಲವು ಸೆಂಟಿಮೀಟರ್ ಅಗಲಕ್ಕೂ ಬೆಳೆಯುತ್ತಿದ್ದವು. ಬೆಚ್ಚಗಿನ, ಆಳವಿಲ್ಲದ, ಬೆಳಕು ತಳ ಮುಟ್ಟುವ ಸಮುದ್ರದಲ್ಲಿ ಇವು ಬದುಕಿದ್ದವು. ಇಯೋಸೀನ್ ಯುಗದಲ್ಲಿ, ಅಂದರೆ ಸುಮಾರು 5.6 ಕೋಟಿಯಿಂದ 3.4 ಕೋಟಿ ವರ್ಷಗಳ ಹಿಂದಿನ ಅವಧಿಯಲ್ಲಿ, ಟೆಥಿಸ್ ಸಾಗರದ ಅಂಚಿನುದ್ದಕ್ಕೂ ಇವು ರಾಶಿರಾಶಿಯಾಗಿದ್ದವು. ಈಜಿಪ್ಟಿನ ಗೀಜಾ ಪಿರಮಿಡ್ಡುಗಳಿಗೆ ಬಳಸಿದ ಸುಣ್ಣಕಲ್ಲಿನಲ್ಲಿಯೂ ಇವೆ. ಕಲ್ಲಾದ ಈ ಕಣಗಳು ಪಿರಮಿಡ್ ಕಟ್ಟಿದ ಕೂಲಿಯವರು ಉಂಡು ಬಿಟ್ಟ ಬೇಳೆಕಾಳೆಂದು ಅಲ್ಲಿಯ ಜನ ಹೇಳುತ್ತಿದ್ದರೆಂದು ಗ್ರೀಕ್ ಭೂಗೋಳಕಾರ ಸ್ಟ್ರೇಬೊ ದಾಖಲಿಸಿದ್ದಾನೆ.

ಇವುಗಳ ಜಾತಿಗಳು ಬೇಗಬೇಗ ಬದಲಾದ್ದರಿಂದ, ಇಯೋಸೀನ್‌ಗೆ ತುಸು ಮುಂಚಿನ ಪ್ಯಾಲಿಯೋಸೀನ್ ಮತ್ತು ಇಯೋಸೀನ್ ಯುಗಗಳ ಆಳವಿಲ್ಲದ ಸಮುದ್ರದ ಪದರಗಳನ್ನು 20 ವಲಯಗಳಾಗಿ ಒಡೆಯುವ ಪದ್ಧತಿ 1998ರಿಂದ ಬಳಕೆಯಲ್ಲಿದೆ. ಸುಣ್ಣಕಲ್ಲಿನ ತೆಳುವಾದ ಬಿಲ್ಲೆಯನ್ನು ಸೂಕ್ಷ್ಮದರ್ಶಕದಡಿ ಇಟ್ಟು ಸುರುಳಿಯ ಸುತ್ತುಗಳನ್ನೂ ಕೋಣೆಗಳ ಆಕಾರವನ್ನೂ ಅಳೆದು ಜಾತಿಯನ್ನು ಗುರುತಿಸುತ್ತಾರೆ. ತಾಳ್ಮೆ ಬೇಡುವ ಕೆಲಸ ಇದು. ದುಬಾರಿ ಯಂತ್ರಗಳ ಕಾಲದಲ್ಲಿಯೂ ಇದಕ್ಕೆ ಬದಲಿ ಬಂದಿಲ್ಲ ಎಂಬುದು ಗಮನಿಸಬೇಕಾದ ವಿಷಯ.

ಭಾರತ–ಏಷ್ಯಾ ಡಿಕ್ಕಿಯ ಕಾಲವನ್ನು ಪದರಶಿಲೆಗಳಿಂದ ಹೇಗೆ ನಿರ್ಧರಿಸಿದರು?

ಒಂದೇ ಕಡೆಯ ಒಂದೇ ಸಾಕ್ಷ್ಯದಿಂದ ಅಲ್ಲ. ಮೊದಲಿಗೆ ಭಾರತದ ಉತ್ತರದ ಅಂಚಿನಲ್ಲಿ, ಅಂದರೆ ಇಂದಿನ ಲಡಾಖ್‌ನ ಝನ್‌ಸ್ಕಾರ್ ಮತ್ತು ದಕ್ಷಿಣ ಟಿಬೆಟ್‌ನ ಬೆಟ್ಟಗಳಲ್ಲಿ, ಸಮುದ್ರದ ಕೊನೆಯ ಪದರ ಯಾವುದೆಂದು ಹುಡುಕಿದರು. ಝನ್‌ಸ್ಕಾರ್‌ನಲ್ಲಿ ನುಮ್ಯುಲೈಟ್‌ಗಳಿರುವ ಸುಣ್ಣಕಲ್ಲಿನ ಮೇಲೆ ಜೇಡಿಯೂ ಮರಳೂ ಬೆರೆತ ಪದರಗಳು ಬರುತ್ತವೆ, ಅವುಗಳ ಮೇಲ್ಭಾಗದಲ್ಲಿ ನದಿಯ ಬಯಲಿನ ಕೆಂಪು ಪದರಗಳು ಬರುತ್ತವೆ. ಇಲ್ಲಿ ಸಮುದ್ರ ಸರಿದದ್ದು ಸುಮಾರು 5 ಕೋಟಿ ವರ್ಷಗಳ ಹಿಂದೆ ಎಂದು ಆ ಪಳೆಯುಳಿಕೆಗಳು ಹೇಳುತ್ತವೆ.

ಆದರೆ ಸಮುದ್ರ ಸರಿದ ದಿನವೇ ಖಂಡಗಳು ತಾಗಿದ ದಿನ ಎಂದುಕೊಳ್ಳುವುದು ತಪ್ಪು. ಖಂಡಗಳು ತಾಗಿದ ಮೇಲೂ, ಏರುತ್ತಿರುವ ಪರ್ವತದ ಭಾರಕ್ಕೆ ಅದರ ಮುಂದಿನ ನೆಲ ಕುಸಿದು, ಆ ತಗ್ಗಿನಲ್ಲಿ ಆಳವಿಲ್ಲದ ಸಮುದ್ರ ಬಹುಕಾಲ ಉಳಿಯಬಲ್ಲದು. ಆದ್ದರಿಂದ ಕೊನೆಯ ಸಮುದ್ರಪದರ ಡಿಕ್ಕಿ ‘ಇದಕ್ಕಿಂತ ತಡವಾಗಿ ಆಗಿರಲಾರದು’ ಎಂಬ ಒಂದು ಮಿತಿಯನ್ನಷ್ಟೇ ಕೊಡುತ್ತದೆ. ಅದೂ ಆ ಸಮುದ್ರ ಸರಿದದ್ದು ಡಿಕ್ಕಿಯ ಕಾರಣದಿಂದಲೇ, ಸಮುದ್ರಮಟ್ಟದ ಸಾಮಾನ್ಯ ಇಳಿಕೆಯಿಂದಲ್ಲ, ಎಂದು ಬೇರೆ ಸಾಕ್ಷ್ಯದಿಂದ ತೋರಿಸಿದ ಮೇಲೆ.

ಹೆಚ್ಚು ಹರಿತವಾದ ಸಾಕ್ಷ್ಯ ಮರಳಿನಲ್ಲಿದೆ. ಡಿಕ್ಕಿಗೆ ಮುನ್ನ ಭಾರತದ ಉತ್ತರದ ಅಂಚಿಗೆ ಬೀಳುತ್ತಿದ್ದ ಮರಳು ಭಾರತದ್ದೇ: ಬಹುಪಾಲು ಬೆಣಚು, ಜೊತೆಗೆ 50 ಕೋಟಿ ವರ್ಷಕ್ಕಿಂತ ಹಳೆಯ ಜಿರ್ಕಾನ್‌ಗಳು. ಏಷ್ಯಾದ ದಕ್ಷಿಣದ ಅಂಚಿನಲ್ಲಾದರೋ ಆ ಕಾಲಕ್ಕೆ ಜ್ವಾಲಾಮುಖಿಗಳ ಸಾಲು ಇತ್ತು. ಅಲ್ಲಿಯ ಮರಳಿನಲ್ಲಿ ಲಾವಾದ ಚೂರುಗಳೂ ಹತ್ತು ಕೋಟಿ ವರ್ಷದೊಳಗಿನ ಎಳೆಯ ಜಿರ್ಕಾನ್‌ಗಳೂ ತುಂಬಿರುತ್ತವೆ. ನಡುವೆ ಆಳವಾದ ಸಾಗರವೂ ಅದರ ಕಂದಕವೂ ಇರುವವರೆಗೆ ಏಷ್ಯಾದ ಮರಳು ಭಾರತದ ಅಂಚಿಗೆ ದಾಟಿ ಬರುವಂತಿಲ್ಲ. ದಕ್ಷಿಣ ಟಿಬೆಟ್‌ನ ಸಾಂಗ್‌ಡಾನ್‌ಲಿನ್ ಎಂಬಲ್ಲಿ, ಭಾರತದ ಬೆಣಚು ಮರಳಿನ ಪದರಗಳ ಮೇಲೆ ಏಷ್ಯಾದ ಜ್ವಾಲಾಮುಖಿ ಮರಳಿನ ಪದರಗಳು ಕೂತಿರುವುದನ್ನು ಒಂದೇ ಬೆಟ್ಟದ ಮೈಯಲ್ಲಿ ಕಾಣಬಹುದು. ರೇಡಿಯೊಲೇರಿಯಾ ಎಂಬ ಸೂಕ್ಷ್ಮಜೀವಿಗಳ ಪಳೆಯುಳಿಕೆಗಳಿಂದಲೂ ಜಿರ್ಕಾನ್‌ಗಳಿಂದಲೂ ಆ ಬದಲಾವಣೆಗೆ ಸುಮಾರು 5.9 ಕೋಟಿ ವರ್ಷ ಎಂದು 2014–15ರಲ್ಲಿ ಪ್ರಕಟವಾದ ಅಧ್ಯಯನಗಳು ಲೆಕ್ಕ ಕಟ್ಟಿದವು.

ಹಿಮಾಲಯದ ದಕ್ಷಿಣದ ತಪ್ಪಲಿನಲ್ಲಿಯೂ ಇಂಥದೇ ದಾಖಲೆ ಇದೆ. ಹಿಮಾಚಲ ಪ್ರದೇಶದ ಸೋಲನ್ ಜಿಲ್ಲೆಯ ಸುಬಾಥು ಊರಿನ ಹೆಸರನ್ನೇ ಹೊತ್ತ ಸಮುದ್ರಪದರಗಳಲ್ಲಿ ನುಮ್ಯುಲೈಟ್‌ಗಳು ಧಾರಾಳವಾಗಿವೆ. ಅದೇ ಪದರಗಳ ಮರಳಿನಲ್ಲಿ, ಮುಖ್ಯವಾಗಿ ಬೆಸುಗೆ ವಲಯದ ಸಾಗರತಳದ ಶಿಲೆಯಿಂದ ಬರುವ ಕ್ರೋಮಿಯಂ ಸ್ಪಿನೆಲ್ ಎಂಬ ಖನಿಜದ ಕಣಗಳೂ ಇವೆ. ಅಂದರೆ ಆ ನುಮ್ಯುಲೈಟ್‌ಗಳು ಬದುಕಿದ್ದಾಗಲೇ ಉತ್ತರದಲ್ಲಿ ಬೆಸುಗೆ ವಲಯ ನೀರಿನಿಂದ ಮೇಲೆದ್ದು ಸವೆಯತೊಡಗಿತ್ತು. ಸುಬಾಥು ಪದರಗಳ ಮೇಲಿರುವ ದಗ್‌ಶಾಯ್ ಮರಳುಗಲ್ಲು ನೆಲದ ಮೇಲೆ ನದಿಗಳು ಹರಡಿದ್ದು. ಎರಡರ ನಡುವೆ ಸುಮಾರು ಒಂದು ಕೋಟಿ ವರ್ಷ ಅಥವಾ ಅದಕ್ಕೂ ಹೆಚ್ಚಿನ ದಾಖಲೆ ಇಲ್ಲವಾಗಿದೆ ಎಂದು ಖನಿಜಗಳ ವಯಸ್ಸು ತೋರಿಸಿದೆ.

ಮೂರನೆಯ ಸಾಕ್ಷ್ಯ ಪದರಶಿಲೆಯದ್ದಲ್ಲವಾದರೂ ಇಲ್ಲಿ ಹೇಳಲೇಬೇಕು. ಹಿಂದೂ ಮಹಾಸಾಗರದ ತಳದ ಶಿಲೆ ಹುಟ್ಟಿದಾಗಿನ ಭೂಕಾಂತತ್ವ ಅದರಲ್ಲಿ ಅಚ್ಚಾಗಿ ಉಳಿದಿರುವ ಕಾಂತೀಯ ಪಟ್ಟೆಗಳನ್ನು ಓದಿದಾಗ, ಒಂದು ಕಾಲದಲ್ಲಿ ವರ್ಷಕ್ಕೆ 15 ಸೆಂಟಿಮೀಟರ್‌ಗೂ ಹೆಚ್ಚು ವೇಗದಲ್ಲಿ ಉತ್ತರಕ್ಕೆ ಸಾಗುತ್ತಿದ್ದ ಭಾರತದ ವೇಗ ಸುಮಾರು 5 ಕೋಟಿ ವರ್ಷಗಳ ಹಿಂದಿನ ಆಸುಪಾಸಿನಲ್ಲಿ ಮೂರನೆಯ ಒಂದು ಭಾಗಕ್ಕೆ ಇಳಿದದ್ದು ಕಾಣುತ್ತದೆ. ಬೇರೆಯದೇ ದಾರಿಯಿಂದ ಬಂದ ಈ ಲೆಕ್ಕ ಪಳೆಯುಳಿಕೆಗಳ ಲೆಕ್ಕಕ್ಕೆ ಹತ್ತಿರವಿರುವುದರಿಂದಲೇ ಇಂದು ಹೆಚ್ಚಿನವರು ಡಿಕ್ಕಿಯ ಆರಂಭವನ್ನು 6 ಕೋಟಿ ಮತ್ತು 5 ಕೋಟಿ ವರ್ಷಗಳ ನಡುವೆ ಇಡುತ್ತಾರೆ.

ಹಾಗಾದರೆ ವಿಜ್ಞಾನಿಗಳಲ್ಲಿ ಇನ್ನೂ ಭಿನ್ನಾಭಿಪ್ರಾಯ ಏಕೆ?

ಕಾರಣ ಒಂದಲ್ಲ. ಮೊದಲನೆಯದು, ‘ಡಿಕ್ಕಿ’ ಎಂಬುದನ್ನು ಎಲ್ಲರೂ ಒಂದೇ ಹಂತಕ್ಕೆ ಅನ್ವಯಿಸುವುದಿಲ್ಲ. ಅಂಚುಗಳ ಮೊದಲ ಸ್ಪರ್ಶ, ಸಾಗರ ಪೂರ್ತಿ ಮುಚ್ಚಿದ್ದು, ಪರ್ವತ ಎದ್ದದ್ದು, ಇವು ಬೇರೆ ಬೇರೆ ಕಾಲದ ಘಟನೆಗಳು. ಎರಡನೆಯದು, ಸುಮಾರು 2,500 ಕಿಲೋಮೀಟರ್ ಉದ್ದದ ಅಂಚು ಎಲ್ಲೆಡೆಯೂ ಒಮ್ಮೆಗೇ ತಾಗಿರಬೇಕೆಂದಿಲ್ಲ. ಮೂರನೆಯದು ಹೆಚ್ಚು ತೊಡಕಿನದು: ಭಾರತ ಮೊದಲು ತಾಗಿದ್ದು ಏಷ್ಯಾಕ್ಕೋ ಅಥವಾ ಸಾಗರದ ನಡುವಿನ ಜ್ವಾಲಾಮುಖಿ ದ್ವೀಪಗಳ ಸಾಲಿಗೋ ಎಂಬ ಪ್ರಶ್ನೆ. 2007ರಲ್ಲಿ ಪ್ರಕಟವಾದ ಪ್ರಬಂಧವೊಂದು ಹಳೆಯ ಸಾಕ್ಷ್ಯಗಳೆಲ್ಲ ದ್ವೀಪಸಾಲಿನ ಡಿಕ್ಕಿಗೆ ಸೇರಿದವೆಂದೂ ಏಷ್ಯಾದೊಂದಿಗಿನ ನಿಜವಾದ ಡಿಕ್ಕಿ ಸುಮಾರು 3.4 ಕೋಟಿ ವರ್ಷಗಳ ಹಿಂದಿನದೆಂದೂ ವಾದಿಸಿತು. ದಕ್ಷಿಣ ಟಿಬೆಟ್‌ನ ಟಿಂಗ್ರಿ ಪ್ರದೇಶದಲ್ಲಿ ಇಯೋಸೀನ್ ಯುಗದ ಕೊನೆಯವರೆಗೂ ಸಮುದ್ರವಿತ್ತು ಎಂಬ ವರದಿ ಆ ವಾದಕ್ಕೆ ಒಂದು ಆಧಾರವಾಗಿತ್ತು. ಡಿಕ್ಕಿಯ ನಂತರವೂ ಸಮುದ್ರ ಉಳಿಯಬಲ್ಲದು ಎಂದು ಮೇಲೆ ಹೇಳಿದ ಕಾರಣಕ್ಕೆ ಈ ಆಧಾರ ನನಗೆ ದುರ್ಬಲವೆನಿಸುತ್ತದೆ. ಏಷ್ಯಾದ ಮರಳು 5.9 ಕೋಟಿ ವರ್ಷಗಳ ಹಿಂದೆಯೇ ಭಾರತದ ಅಂಚಿಗೆ ಬಂದದ್ದಕ್ಕೆ ಆ ವಾದ ಸಮಾಧಾನಕರ ಉತ್ತರ ಕೊಡುವುದೂ ಇಲ್ಲ. ಆದರೆ ದ್ವೀಪಸಾಲಿನ ಪ್ರಶ್ನೆಯನ್ನು, ವಿಶೇಷವಾಗಿ ಪಶ್ಚಿಮದ ಕೊಹಿಸ್ತಾನ್ ಮತ್ತು ಲಡಾಖ್ ಭಾಗದಲ್ಲಿ, ಅಷ್ಟು ಸುಲಭವಾಗಿ ತಳ್ಳಿಹಾಕುವಂತಿಲ್ಲ.

ಪಳೆಯುಳಿಕೆಗಳ ಸ್ವಭಾವವೂ ಗೊಂದಲಕ್ಕೆ ಕಾರಣವಾಗುತ್ತದೆ. ಹಳೆಯ ಪದರ ಸವೆದಾಗ ಅದರೊಳಗಿನ ನುಮ್ಯುಲೈಟ್ ಕಳಚಿಕೊಂಡು, ತೇಲಿ ಬಂದು, ಹೊಸ ಪದರದಲ್ಲಿ ಮತ್ತೆ ಕೂರಬಹುದು. ಹಾಗಾದಾಗ ಹೊಸ ಪದರಕ್ಕೆ ಹಳೆಯ ವಯಸ್ಸು ಅಂಟುತ್ತದೆ. ಕವಚದ ಅಂಚು ಸವೆದಿದೆಯೇ, ಬೇರೆ ಬೇರೆ ಕಾಲದ ಜಾತಿಗಳು ಒಟ್ಟಿಗೆ ಬೆರೆತಿವೆಯೇ ಎಂದು ಮೊದಲು ನೋಡಬೇಕಾಗುತ್ತದೆ. ಹಾಗೆಯೇ ಒಂದು ಜಾತಿಯ ಕೊನೆಯ ಪಳೆಯುಳಿಕೆ ಸಿಕ್ಕ ಪದರದಲ್ಲೇ ಆ ಜಾತಿ ಅಳಿಯಿತು ಎಂದೂ ಹೇಳಲಾಗದು, ಏಕೆಂದರೆ ಕೊನೆಯ ಜೀವಿಯೇ ಕಲ್ಲಾಗಿ ಉಳಿದು ನಮ್ಮ ಕೈಗೆ ಸಿಗುವ ಸಂಭವ ತೀರ ಕಡಿಮೆ.

ಮರಳು ಎಲ್ಲಿಂದ ಬಂತೆಂದು ಅಷ್ಟು ಖಚಿತವಾಗಿ ಹೇಳಲು ಸಾಧ್ಯವೇ?

ನಮ್ಮ ಕಾಳಿ ನದಿಯನ್ನೇ ತೆಗೆದುಕೊಳ್ಳಿ. ಸದಾಶಿವಗಡದ ಬಳಿ ಸಮುದ್ರ ಸೇರುವ ಅದರ ಮರಳಿನಲ್ಲಿ ಇರಬಹುದಾದದ್ದು ಜೋಯಿಡಾ, ದಾಂಡೇಲಿ, ಯಲ್ಲಾಪುರ, ಕಾರವಾರಗಳ ಬೆಟ್ಟಗಳು ಕೊಟ್ಟದ್ದು ಮಾತ್ರ. ಆ ಮರಳಿನಿಂದ ನೂರು ಜಿರ್ಕಾನ್ ಕಣಗಳನ್ನು ಆರಿಸಿ ವಯಸ್ಸು ಅಳೆದರೆ ಜಲಾನಯನ ಪ್ರದೇಶದ ಶಿಲೆಗಳ ವಯಸ್ಸಿನ ಪಟ್ಟಿಯೇ ಸಿಗುತ್ತದೆ, ಮತ್ತು ಆ ಪಟ್ಟಿಯಲ್ಲಿ 5 ಕೋಟಿ ವರ್ಷದ ಕಣಗಳ ಗುಂಪೊಂದು ಇದ್ದಕ್ಕಿದ್ದಂತೆ ಕಾಣಿಸಿಕೊಂಡರೆ ಅದು ಬೇರೆ ನಾಡಿನಿಂದ ಬಂದದ್ದೆಂದು ಯಾರಾದರೂ ಒಪ್ಪಬೇಕಾಗುತ್ತದೆ. ಹಳೆಯ ಮರಳುಗಲ್ಲಿಗೂ ಇದೇ ತರ್ಕ. ಜಿರ್ಕಾನ್ ಗಟ್ಟಿ ಖನಿಜ; ಬೆಟ್ಟ ಸವೆದುಹೋದರೂ ಅದು ಉಳಿಯುತ್ತದೆ. ಆ ಗಟ್ಟಿತನವೇ ಒಂದು ತೊಡಕು ಕೂಡ, ಏಕೆಂದರೆ ಒಂದು ಮರಳುಗಲ್ಲಿನಿಂದ ಕಳಚಿ ಇನ್ನೊಂದು ಮರಳುಗಲ್ಲಿಗೆ ಸೇರಿದ ಕಣ ತನ್ನ ಮೊದಲ ತವರನ್ನಷ್ಟೇ ಹೇಳುತ್ತದೆ, ನಡುವಿನ ಪಯಣವನ್ನು ಹೇಳುವುದಿಲ್ಲ.

ನೆಲದ ಪ್ರಾಣಿಗಳ ಪಳೆಯುಳಿಕೆಗಳು ಉಪಯೋಗಕ್ಕೆ ಬರುವುದಿಲ್ಲವೇ?

ಬರುತ್ತವೆ, ಎಚ್ಚರಿಕೆಯಿಂದ ಬಳಸಿದರೆ. ಸಾಗರ ದಾಟಲಾರದ ಸಸ್ತನಿಗಳು ಎರಡೂ ಖಂಡಗಳಲ್ಲಿ ಒಂದೇ ಬಗೆಯವು ಸಿಕ್ಕಿದರೆ ನಡುವೆ ನೆಲದ ದಾರಿ ಇತ್ತೆಂದು ಊಹಿಸಬಹುದು. ಗುಜರಾತಿನ ಸೂರತ್ ಜಿಲ್ಲೆಯ ವಸ್ತಾನ್ ಲಿಗ್ನೈಟ್ ಗಣಿಯಲ್ಲಿ ಸುಮಾರು 5.4 ಕೋಟಿ ವರ್ಷಗಳ ಹಿಂದಿನ ಬಾವಲಿಗಳು, ಕೋತಿ–ಮನುಷ್ಯರ ಬಳಗದ ಆದಿಮ ಪ್ರೈಮೇಟ್‌ಗಳು, ಕುದುರೆ–ಘೇಂಡಾಮೃಗಗಳ ಸಂಬಂಧಿಯಾದ ಕ್ಯಾಂಬೆಥೀರಿಯಂ, ಜೊತೆಗೆ ಮರದ ರಾಳದಲ್ಲಿ ಸಿಕ್ಕಿಬಿದ್ದ ಕೀಟಗಳು ದೊರೆತಿವೆ. ಇವುಗಳಲ್ಲಿ ಹಲವಕ್ಕೆ ಯುರೋಪಿನ ಪ್ರಾಣಿಗಳೊಂದಿಗೆ ಹತ್ತಿರದ ನಂಟಿದೆ. ಭಾರತ ಆ ಹೊತ್ತಿಗೆ ಒಂಟಿ ದ್ವೀಪವಾಗಿ ಉಳಿದಿರಲಿಲ್ಲ ಎಂಬುದಕ್ಕೆ ಇದು ಬೆಂಬಲ. ಆದರೆ ದ್ವೀಪದಿಂದ ದ್ವೀಪಕ್ಕೆ ತೇಲಿ ಬಂದ ಪ್ರಾಣಿಗಳೂ ಇರಬಹುದಾದ್ದರಿಂದ ಇದೊಂದೇ ಸಾಕ್ಷ್ಯದ ಮೇಲೆ ಡಿಕ್ಕಿಯ ಕಾಲವನ್ನು ಕಟ್ಟುವುದು ಸರಿಯಲ್ಲ.

ಜಮ್ಮು ಪ್ರದೇಶದ ಕಾಲಾಕೋಟ್‌ನಲ್ಲಿ ಸಿಕ್ಕ, ಎ. ರಂಗರಾವ್ ಅವರು 1971ರಲ್ಲಿ ಹೆಸರಿಸಿದ ಇಂಡೊಹ್ಯುಸ್ ಎಂಬ ಪುಟ್ಟ ಗೊರಸಿನ ಪ್ರಾಣಿಯೂ ಪಾಕಿಸ್ತಾನದಲ್ಲಿ ಸಿಕ್ಕ ಪಾಕಿಸೀಟಸ್ ಎಂಬ ಆದಿಮ ತಿಮಿಂಗಿಲವೂ ಈ ಮುಚ್ಚಿಹೋಗುತ್ತಿದ್ದ ಸಮುದ್ರದ ಅಂಚಿನವೇ. ತಿಮಿಂಗಿಲಗಳ ಹುಟ್ಟಿನ ಕಥೆಗೆ ಅವು ಮುಖ್ಯ; ಡಿಕ್ಕಿಯ ಕಾಲಕ್ಕೆ ಸಂಬಂಧಿಸಿ ಅವು ಹೇಳುವುದು ಕಡಿಮೆ.

ಎವರೆಸ್ಟ್ ತುದಿಯಲ್ಲಿ ಸಮುದ್ರಜೀವಿಗಳ ಪಳೆಯುಳಿಕೆ ಇದೆಯಲ್ಲ, ಅದು ಡಿಕ್ಕಿಯ ಕಾಲವನ್ನು ಹೇಳುವುದಿಲ್ಲವೇ?

ಹೇಳುವುದಿಲ್ಲ. ಅಲ್ಲಿಯ ಸುಣ್ಣಕಲ್ಲು ಆರ್ಡೋವಿಶಿಯನ್ ಯುಗದ್ದು; ಅದರಲ್ಲಿರುವ ಟ್ರೈಲೊಬೈಟ್ (ಈಗ ಅಳಿದುಹೋಗಿರುವ, ಕವಚವುಳ್ಳ ಸಮುದ್ರಪ್ರಾಣಿ) ಚೂರುಗಳು ಡಿಕ್ಕಿಗಿಂತ ಸುಮಾರು 40 ಕೋಟಿ ವರ್ಷ ಹಳೆಯವು. ಈಗಿನ ಶಿಖರ ಒಮ್ಮೆ ಸಮುದ್ರತಳವಾಗಿತ್ತು ಎಂಬುದಷ್ಟೇ ಅದರಿಂದ ತಿಳಿಯುತ್ತದೆ.

ಹಿಮಾಲಯಕ್ಕಿಂತ ಹಳೆಯ ಡಿಕ್ಕಿಗಳಿಗೂ ಈ ವಿಧಾನ ನಡೆಯುತ್ತದೆಯೇ?

ಈ ವಿಧಾನದ ಬೇರುಗಳಿರುವುದೇ ಅಂಥದ್ದೊಂದರಲ್ಲಿ. ಸ್ಕಾಟ್ಲೆಂಡಿನ ವಾಯುವ್ಯದಲ್ಲಿ ಸಿಗುವ ಕೇಂಬ್ರಿಯನ್ ಯುಗದ ಟ್ರೈಲೊಬೈಟ್‌ಗಳು ಉತ್ತರ ಅಮೆರಿಕದವುಗಳಂತಿವೆ. ಕೆಲವೇ ನೂರು ಕಿಲೋಮೀಟರ್ ದಕ್ಷಿಣದ ವೇಲ್ಸ್‌ನವು ಪೂರ್ತಿ ಬೇರೆ ಗುಂಪಿನವು. ಈ ವಿಚಿತ್ರವನ್ನು ಹಿಡಿದು ಕೆನಡಾದ ಭೂಭೌತವಿಜ್ಞಾನಿ ಜಾನ್ ಟೂಜೊ ವಿಲ್ಸನ್, ಅಟ್ಲಾಂಟಿಕ್‌ಗೂ ಮುನ್ನ ಅದೇ ಜಾಗದಲ್ಲಿ ಇನ್ನೊಂದು ಸಾಗರವಿದ್ದು ಮುಚ್ಚಿಹೋಯಿತೇ ಎಂಬ ಪ್ರಶ್ನೆಯನ್ನು 1966ರಲ್ಲಿ ಎತ್ತಿದರು. ಆ ಸಾಗರಕ್ಕೆ ಇಂದು ಐಯಾಪೆಟಸ್ ಎಂದು ಹೆಸರು. 1976ರಲ್ಲಿ ಮೆಕೆರೊ ಮತ್ತು ಕಾಕ್ಸ್ ಎಂಬ ಬ್ರಿಟಿಷ್ ವಿಜ್ಞಾನಿಗಳು ಅದು ಕಿರಿದಾದ ಬಗೆಯನ್ನು ಪಳೆಯುಳಿಕೆಗಳಿಂದಲೇ ತೋರಿಸಿದರು. ನೀರಿನ ಮೇಲ್ಭಾಗದಲ್ಲಿ ತೇಲುವ ಜೀವಿಗಳು ಮೊದಲಿನಿಂದಲೂ ಎರಡೂ ದಡಗಳಲ್ಲಿ ಒಂದೇ ಆಗಿದ್ದವು. ಸಾಗರ ಕಿರಿದಾದಂತೆ, ಮರಿಹಂತದಲ್ಲಿ ಕೆಲಕಾಲ ತೇಲಬಲ್ಲ ತಳವಾಸಿ ಟ್ರೈಲೊಬೈಟ್ ಮತ್ತು ಎರಡು ಚಿಪ್ಪಿನ ಬ್ರಾಕಿಯೊಪಾಡ್‌ಗಳು ಒಂದಾದವು. ಮರಿಹಂತದಲ್ಲಿಯೂ ತೇಲದ ಆಸ್ಟ್ರಕಾಡ್‌ಗಳು (ಸೀಗಡಿ ಬಳಗದ ಪುಟ್ಟ ಚಿಪ್ಪಿನ ಜೀವಿಗಳು) ಬಹಳ ತಡವಾಗಿ ಒಂದಾದವು. ಸಿಹಿನೀರಿನ ಮೀನುಗಳು ಒಂದಾದದ್ದು ಎಲ್ಲಕ್ಕಿಂತ ಕೊನೆಗೆ, ನೆಲ ಕೂಡಿದ ಮೇಲೆ. ಯಾವ ಜೀವಿ ಎಷ್ಟು ದೂರ ದಾಟಬಲ್ಲದು ಎಂಬ ಸರಳ ಸಂಗತಿಯಿಂದ ಸಾಗರದ ಅಗಲವನ್ನು ಅಂದಾಜಿಸಿದ ಈ ಕೆಲಸದಷ್ಟು ಚೆಲುವಾದ ತರ್ಕ ಭೂವಿಜ್ಞಾನದಲ್ಲಿ ವಿರಳ.

ಆ ಡಿಕ್ಕಿಯ ನಂತರದ ಮಿತಿಯನ್ನು ಕಾಣಬೇಕಾದರೆ ಸ್ಕಾಟ್ಲೆಂಡಿನ ಪೂರ್ವ ಕರಾವಳಿಯ ಸಿಕಾರ್ ಪಾಯಿಂಟ್ ಇದೆ. 1788ರಲ್ಲಿ ಜೇಮ್ಸ್ ಹಟನ್ ದೋಣಿಯಲ್ಲಿ ಹೋಗಿ ನೋಡಿದ್ದು ಇದನ್ನೇ: ನೆಟ್ಟಗೆ ನಿಂತ ಸಿಲೂರಿಯನ್ ಪದರಗಳು, ಅವುಗಳ ಸವೆದ ತಲೆಗಳ ಮೇಲೆ ಓರೆಯಾಗಿ ಮಲಗಿದ ಡಿವೋನಿಯನ್ ಕೆಂಪು ಮರಳುಗಲ್ಲು. ಮಡಿಕೆಬಿದ್ದವು ಡಿಕ್ಕಿಗೆ ಮುಂಚಿನವು, ಮಡಿಕೆಬೀಳದವು ನಂತರದವು. ನಡುವಿನ ಅಂತರ ಆರು ಕೋಟಿ ವರ್ಷಕ್ಕೂ ಹೆಚ್ಚು. ಇಂಥ ಜೋಡಣೆಯನ್ನು ನೋಡಲು ಸ್ಕಾಟ್ಲೆಂಡಿಗೇ ಹೋಗಬೇಕೆಂದಿಲ್ಲ. ಬಾಗಲಕೋಟೆ ಜಿಲ್ಲೆಯ ಕಲಾದಗಿ ಶಿಲಾಸಮೂಹದಲ್ಲಿ ಮಡಿಕೆಬಿದ್ದ ಬಾಗಲಕೋಟೆ ಗುಂಪಿನ ಪದರಗಳ ಮೇಲೆ ಬಹುತೇಕ ಸಮತಲವಾದ ಬಾದಾಮಿ ಗುಂಪಿನ ಮರಳುಗಲ್ಲು ಕೂತಿದೆ. ಅಲ್ಲಿ ಖಂಡಗಳ ಡಿಕ್ಕಿ ನಡೆದಿತ್ತೆಂದು ಇದರಿಂದ ಹೇಳಲಾಗದು. ಆದರೆ ಮುನ್ನ–ನಂತರದ ಮಿತಿಗಳನ್ನು ಓದುವ ಕ್ರಮ ಅದೇ.

ಉತ್ತರ ಕನ್ನಡ ಜಿಲ್ಲೆಯಲ್ಲಿ ಖಂಡಗಳ ಡಿಕ್ಕಿಯ ಗುರುತು ಇದೆಯೇ?

ಇದೆ ಎನ್ನುವ ಪ್ರತಿಪಾದನೆಯೊಂದಿದೆ, ಮತ್ತು ಅದು ಹಿಮಾಲಯದ್ದಲ್ಲ. ಕುಮಟಾದ ಹೆಸರಿನಲ್ಲೇ ಗುರುತಿಸಲಾದ, ಉತ್ತರ–ದಕ್ಷಿಣವಾಗಿ ಹಬ್ಬಿರುವ ಸುಮಾರು 15 ಕಿಲೋಮೀಟರ್ ಅಗಲದ ಶಿಲಾಪಟ್ಟಿಯೊಂದನ್ನು 2013ರಲ್ಲಿ ಪ್ರಕಟವಾದ ಅಧ್ಯಯನವು ಬೆಸುಗೆ ವಲಯವೆಂದು ಮಂಡಿಸಿತು. ಆ ಅಧ್ಯಯನದ ಪ್ರಕಾರ ಪಟ್ಟಿಯ ಪಶ್ಚಿಮಕ್ಕೆ ಸುಮಾರು 320 ಕೋಟಿ ವರ್ಷ ಹಳೆಯ ಶಿಲೆಗಳ ಕಾರವಾರ ಖಂಡಭಾಗ, ಪೂರ್ವಕ್ಕೆ ಸುಮಾರು 257 ಕೋಟಿ ವರ್ಷದ ನೈಸ್ ಎಂಬ ಪಟ್ಟೆಪಟ್ಟೆಯ ರೂಪಾಂತರ ಶಿಲೆಗಳ ಧಾರವಾಡ ಖಂಡಭಾಗ. ಕಾರವಾರದ ಭಾಗ, ಒಂದು ಕಾಲದಲ್ಲಿ ಭಾರತಕ್ಕೆ ಅಂಟಿಕೊಂಡಿದ್ದ ಮಡಗಾಸ್ಕರ್‌ನ ಪೂರ್ವ ಅಂಚಿನ ಹಳೆಯ ಶಿಲೆಗಳ ಮುಂದುವರಿಕೆ. ಶಿರಸಿಯ ಕಡೆಯ ಸುಣ್ಣಕಲ್ಲು, ಜೇಡಿಶಿಲೆ, ಕಬ್ಬಿಣದ ಪಟ್ಟೆಶಿಲೆ ಮತ್ತು ಮರಳುಗಲ್ಲುಗಳನ್ನು ಅದು ಧಾರವಾಡ ಖಂಡಭಾಗದ ಅಂಚಿನ ಆಳವಿಲ್ಲದ ಸಮುದ್ರದಲ್ಲಿ ಕೂಡಿದವು ಎಂದು ಓದಿತು.

ಇಲ್ಲಿ ಪಳೆಯುಳಿಕೆಗಳ ನೆರವು ಇಲ್ಲ. ಕವಚವುಳ್ಳ ಪ್ರಾಣಿಗಳು ಹೇರಳವಾದದ್ದು ಸುಮಾರು 54 ಕೋಟಿ ವರ್ಷಗಳ ಹಿಂದೆ ಆರಂಭವಾದ ಕೇಂಬ್ರಿಯನ್ ಯುಗದಿಂದೀಚೆಗೆ. ನಮ್ಮ ಜಿಲ್ಲೆಯ ಪದರಶಿಲೆಗಳು ಅದಕ್ಕಿಂತ ಬಹಳ ಹಳೆಯವು. ಹಾಗಾಗಿ ಮಿತಿಗಳನ್ನು ಖನಿಜಗಳಿಂದಲೇ ಹುಡುಕಬೇಕಾಯಿತು. ಕುಮಟಾ ಪಟ್ಟಿಯ ಬೆಣಚು–ಅಭ್ರಕದ ಶಿಲೆ ಮೊದಲು ಸಮುದ್ರದ ಕೆಸರಾಗಿತ್ತು. ಅದರೊಳಗಿನ ಜಿರ್ಕಾನ್ ಕಣಗಳು ಸುಮಾರು 330ರಿಂದ 300 ಕೋಟಿ ವರ್ಷ ಹಳೆಯವು, ಆದ್ದರಿಂದ ಕೆಸರು ಕೂಡಿದ್ದು ಅವುಗಳಲ್ಲಿ ಅತಿ ಎಳೆಯ ಕಣಕ್ಕಿಂತ ಈಚೆಗೆ. ಅದೇ ಪಟ್ಟಿಯ ಅಭ್ರಕ ಖನಿಜಗಳ ಪೊಟ್ಯಾಸಿಯಂ–ಆರ್ಗಾನ್ ವಯಸ್ಸು ಸುಮಾರು 130ರಿಂದ 140 ಕೋಟಿ ವರ್ಷ. ಶಿಲೆ ಆಳದಲ್ಲಿ ರೂಪಾಂತರಗೊಂಡು ತಣಿದದ್ದು ಆಗ. ಎರಡು ಮಿತಿಗಳ ನಡುವೆ 150 ಕೋಟಿಗೂ ಹೆಚ್ಚು ವರ್ಷಗಳಿವೆ. ಹಿಮಾಲಯದಲ್ಲಿ ಹೆಚ್ಚಾಗಿ ಒಂದು ಕೋಟಿ ವರ್ಷದೊಳಗೆ ನಡೆಯುವ ಚರ್ಚೆಯನ್ನು ಇದರ ಪಕ್ಕದಲ್ಲಿ ಇಟ್ಟು ನೋಡಿದರೆ, ಒಂದು ನುಮ್ಯುಲೈಟ್ ಪದರ ಎಷ್ಟು ಬೆಲೆಯದ್ದೆಂದು ಅರ್ಥವಾಗುತ್ತದೆ. ಕುಮಟಾ ಪಟ್ಟಿ ನಿಜವಾಗಿ ಎರಡು ಖಂಡಗಳ ಬೆಸುಗೆಯೇ ಎಂಬುದನ್ನು ಇನ್ನಷ್ಟು ಸಾಕ್ಷ್ಯ ಬರುವವರೆಗೆ ಪ್ರತಿಪಾದನೆಯೆಂದೇ ಓದುವುದು ಮೇಲು. ಶಿರಸಿ–ಯಲ್ಲಾಪುರದ ದಟ್ಟ ಕಾಡೂ ದಪ್ಪನೆಯ ಕೆಂಪುಮಣ್ಣೂ ಶಿಲೆಗಳನ್ನು ಬಹುಪಾಲು ಮುಚ್ಚಿರುವುದು ಇಲ್ಲಿಯ ಕೆಲಸವನ್ನು ಇನ್ನಷ್ಟು ಕಠಿಣಗೊಳಿಸಿದೆ.

ಯಾಣದ ಸುಣ್ಣಕಲ್ಲಿನಲ್ಲಿ ಪಳೆಯುಳಿಕೆ ಸಿಗುವುದಿಲ್ಲವೇ?

ಸುಮಾರು 120 ಮೀಟರ್ ಎತ್ತರದ ಭೈರವೇಶ್ವರ ಶಿಖರವನ್ನೂ ಸುಮಾರು 90 ಮೀಟರ್‌ನ ಮೋಹಿನಿ ಶಿಖರವನ್ನೂ ಕಪ್ಪು ಸ್ಫಟಿಕೀಯ ಸುಣ್ಣಕಲ್ಲು ಎಂದು ಸಾಮಾನ್ಯವಾಗಿ ವಿವರಿಸುತ್ತಾರೆ. ಸುಣ್ಣಕಲ್ಲು ಎಂದೊಡನೆ ಚಿಪ್ಪು ಹುಡುಕುವುದು ಸಹಜ, ಆದರೆ ಈ ಶಿಲೆಗಳ ಕಾಲಕ್ಕೆ ಚಿಪ್ಪುಗಳೇ ಇರಲಿಲ್ಲ. ಧಾರವಾಡ ಶಿಲಾಸಮೂಹದ ಅಷ್ಟು ಹಳೆಯ ಸುಣ್ಣಕಲ್ಲುಗಳಲ್ಲಿ ಜೀವಿಗಳ ಕುರುಹೆಂದು ಸಿಕ್ಕಿರುವುದು ಸೂಕ್ಷ್ಮಜೀವಿಗಳ ಹಾಸುಗಳು ಕಟ್ಟಿದ ಸ್ಟ್ರೊಮಾಟೊಲೈಟ್‌ಗಳು. ಶಿವಮೊಗ್ಗ ಜಿಲ್ಲೆಯ ಕುಂಸಿಯ ಬಳಿ ಅವು ವರದಿಯಾಗಿವೆ. ಸ್ಟ್ರೊಮಾಟೊಲೈಟ್‌ಗಳು ಆಳವಿಲ್ಲದ ನೀರಿತ್ತೆಂದು ಹೇಳುತ್ತವೆ. ಕಾಲವನ್ನು ಹೇಳುವಷ್ಟು ಬೇಗ ಅವು ಬದಲಾಗಲಿಲ್ಲ.

ಮನೆ ಕಟ್ಟುವ ಚಿರೆಕಲ್ಲು ಪದರಶಿಲೆಯೇ?

ಅಲ್ಲ. ಇದ್ದಲ್ಲೇ ಇದ್ದ ಶಿಲೆ ಮಳೆಗೂ ಬಿಸಿಲಿಗೂ ಕೊಳೆತು, ಕಬ್ಬಿಣ ಮತ್ತು ಅಲ್ಯೂಮಿನಿಯಂ ಉಳಿದು ಗಟ್ಟಿಯಾದದ್ದು ಅದು. ಡಿಕ್ಕಿಯ ಕಾಲನಿರ್ಣಯಕ್ಕೆ ಅದರಿಂದ ಪ್ರಯೋಜನವಿಲ್ಲ.

ನಮ್ಮ ಸಮುದ್ರದಲ್ಲಾದರೂ ಹಿಮಾಲಯದ ದಾಖಲೆ ಇದೆಯೇ?

ಇದೆ. ಸಿಂಧೂ ನದಿ ಹಿಮಾಲಯದಿಂದ ಹೊತ್ತು ತಂದ ಹೂಳು ಅರಬ್ಬೀ ಸಮುದ್ರದ ತಳದಲ್ಲಿ ಬೀಸಣಿಗೆಯ ಆಕಾರದಲ್ಲಿ ಸಾವಿರಕ್ಕೂ ಹೆಚ್ಚು ಕಿಲೋಮೀಟರ್ ಹರಡಿದೆ. 2015ರಲ್ಲಿ ಜಾಯಿಡೆಸ್ ರೆಸಲ್ಯೂಷನ್ ಎಂಬ ಹಡಗು ಭಾರತದ ಪಶ್ಚಿಮ ಕರಾವಳಿಯಿಂದ ನಾನೂರು ಕಿಲೋಮೀಟರ್‌ಗೂ ಆಚೆ, ಲಕ್ಷ್ಮಿ ಬೇಸಿನ್ ಎಂಬ ಕಡಲತಳದ ತಗ್ಗಿನಲ್ಲಿ, ಸಮುದ್ರತಳದಿಂದ 1,100 ಮೀಟರ್‌ಗಳಷ್ಟು ಆಳಕ್ಕೆ ಕೊರೆದು ಈ ಹೂಳಿನ ಮಾದರಿಗಳನ್ನು ತೆಗೆಯಿತು. ಆ ಪದರಗಳಿಗೆ ವಯಸ್ಸು ಕೊಟ್ಟದ್ದು ಅವುಗಳಲ್ಲಿರುವ ಸೂಕ್ಷ್ಮ ಪಳೆಯುಳಿಕೆಗಳು ಮತ್ತು ಕಾಂತೀಯ ದಾಖಲೆ. ಡಿಕ್ಕಿಯ ಆರಂಭಕ್ಕಿಂತ ಹೆಚ್ಚಾಗಿ, ಎದ್ದ ಪರ್ವತ ಯಾವಾಗ ಎಷ್ಟು ವೇಗವಾಗಿ ಸವೆಯಿತು, ಮುಂಗಾರಿನ ಬಲಕ್ಕೂ ಆ ಸವೆತಕ್ಕೂ ಏನು ಸಂಬಂಧ ಎಂಬುದನ್ನು ತಿಳಿಯಲು ಅವು ನೆರವಾಗುತ್ತವೆ. ಕಾರವಾರದ ಎದುರಿನ ಸಮುದ್ರತಳದ ಕೆಸರಿನಲ್ಲಿರುವ ಫೊರಾಮಿನಿಫೆರಾಗಳನ್ನು ಗೋವಾದ ರಾಷ್ಟ್ರೀಯ ಸಮುದ್ರ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು ಹಿಂದಿನ ಮುಂಗಾರುಗಳ ಏರಿಳಿತ ತಿಳಿಯಲು ಅಧ್ಯಯನ ಮಾಡಿದ್ದಾರೆ. ಕಾಲ ಬೇರೆ, ಪ್ರಶ್ನೆ ಬೇರೆ, ಆದರೆ ಜೀವಿಗಳು ಅದೇ ಗುಂಪಿನವು.

ಮಲ್ಪೆಯ ಸೇಂಟ್ ಮೇರಿ ದ್ವೀಪದ ಕಲ್ಲುಕಂಬಗಳೂ ಡಿಕ್ಕಿಯಿಂದ ಆದವೇ?

ಅಲ್ಲ, ಅವು ಅಗಲಿಕೆಯ ಗುರುತು. ಭಾರತ ಮತ್ತು ಮಡಗಾಸ್ಕರ್ ಬೇರ್ಪಡುವ ಕಾಲದಲ್ಲಿ, ಸುಮಾರು 8.5ರಿಂದ 9 ಕೋಟಿ ವರ್ಷಗಳ ಹಿಂದೆ, ಉಕ್ಕಿದ ಲಾವಾ ತಣಿಯುವಾಗ ಬಿರಿದು ಆ ಕಂಬಗಳಾದವು. ಅಗ್ನಿಶಿಲೆಯಾದ್ದರಿಂದ ಅವುಗಳ ವಯಸ್ಸನ್ನು ನೇರವಾಗಿಯೇ ಅಳೆಯಬಹುದು.

ಈ ವಿಷಯದಲ್ಲಿ ಮುಂದೆ ಓದಬೇಕೆನ್ನುವ ಶಿರಸಿ–ಕಾರವಾರದ ವಿದ್ಯಾರ್ಥಿಗಳು ಎಲ್ಲಿಂದ ಆರಂಭಿಸಬೇಕು?

ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಭೂವಿಜ್ಞಾನ ವಿಭಾಗವಿದೆ. ಪಳೆಯುಳಿಕೆಗಳ ಕಡೆಗೆ ಒಲವಿರುವವರಿಗೆ ಲಖನೌನ ಬೀರಬಲ್ ಸಾಹ್ನಿ ಸಂಸ್ಥೆ, ಹಿಮಾಲಯದ ಶಿಲೆಗಳ ಕಡೆಗೆ ಒಲವಿರುವವರಿಗೆ ಡೆಹರಾಡೂನ್‌ನ ವಾಡಿಯಾ ಸಂಸ್ಥೆ ಮುಂದಿನ ಹಂತದ ಸಂಶೋಧನೆಗೆ ಹೆಸರಾದ ಕಡೆಗಳು. ಸೂಕ್ಷ್ಮದರ್ಶಕದಲ್ಲಿ ಫೊರಾಮಿನಿಫೆರಾಗಳನ್ನು ನೋಡುವ ಅಭ್ಯಾಸವನ್ನು ಇಲ್ಲಿಯೇ ಆರಂಭಿಸಬಹುದು: ಅಳಿವೆಯ ಅಥವಾ ಕಡಲದಂಡೆಯ ತುಸು ಹಸಿ ಕೆಸರನ್ನು ನುಣ್ಣನೆಯ ಜರಡಿಯಲ್ಲಿ ತೊಳೆದು, ಉಳಿದ ಕಣಗಳನ್ನು ಒಣಗಿಸಿ, ಕಾಲೇಜಿನ ಸಾಧಾರಣ ಸೂಕ್ಷ್ಮದರ್ಶಕದಡಿ ಕಪ್ಪು ಕಾಗದದ ಮೇಲೆ ಹರಡಿ ಮೇಲಿನಿಂದ ಬೆಳಕು ಬಿಟ್ಟರೆ ಸಾಕು. ಜಾತಿ ಗುರುತಿಸುವ ಮುನ್ನ, ಯಾವುದು ಅಲ್ಲಿಯೇ ಬದುಕಿದ್ದ ಜೀವಿಯ ಕವಚ, ಯಾವುದು ಸವೆದು ಬೇರೆಡೆಯಿಂದ ಬಂದದ್ದು ಎಂದು ಬೇರ್ಪಡಿಸಲು ಕಲಿಯುವುದು ಒಳಿತು. ಸಂರಕ್ಷಿತ ಅರಣ್ಯದಲ್ಲಿ ಅನುಮತಿಯಿಲ್ಲದೆ ಕಲ್ಲು ಒಡೆಯಬಾರದು. ರಸ್ತೆ ಅಗಲಿಸುವಾಗ ಕಡಿದ ಘಟ್ಟದ ಗೋಡೆಗಳನ್ನು ದೂರ ನಿಂತು ನೋಡಿ ಪದರಗಳ ಓರೆಯನ್ನು ಬರೆದುಕೊಳ್ಳಬಹುದು, ಮಳೆಗಾಲದಲ್ಲಿ ಮಾತ್ರ ಅದೂ ಬೇಡ, ಏಕೆಂದರೆ ಅಂಥ ಗೋಡೆಗಳು ಆಗ ಕುಸಿಯುತ್ತವೆ.